ಹಂದಿ ಕೆಮ್ಮಿದ್ದು ಮೊದಲು ಯಾರಿಗೆ ತಿಳಿಯಬೇಕು?

ಹಂದಿಗಳ ದೊಡ್ಡಿಯೊಳಗೆ ಒಂದು ಹತ್ತಿಯ ಹಗ್ಗವನ್ನು ಅವುಗಳ ಹೆಗಲಿನ ಎತ್ತರಕ್ಕೆ ಇಳಿಬಿಟ್ಟು ಕಟ್ಟುತ್ತಾರೆ. ಅರ್ಧ ಗಂಟೆಯೊಳಗೆ ದೊಡ್ಡಿಯ ಬಹುತೇಕ ಹಂದಿಗಳು ಒಂದಲ್ಲ ಒಂದು ಸಲ ಬಂದು ಅದನ್ನು ಕಚ್ಚಿ, ಜಗಿದು, ಎಳೆದಾಡಿ ಹೋಗಿರುತ್ತವೆ. ಹಂದಿಯ ಕುತೂಹಲವೇ ಅಂಥದ್ದು. ಆಮೇಲೆ ಜೊಲ್ಲಿನಿಂದ ತೊಯ್ದು ತೊಪ್ಪೆಯಾದ ಹಗ್ಗದ ತುದಿಯನ್ನು ಪ್ಲಾಸ್ಟಿಕ್ ಚೀಲದೊಳಗೆ ತೂರಿಸಿ, ಚೀಲದ ಹೊರಗಿನಿಂದಲೇ ಬಿಗಿಯಾಗಿ ಹಿಂಡಿ, ಮೂಲೆಗೆ ಇಳಿದ ದ್ರವವನ್ನು ಸಣ್ಣ ಟ್ಯೂಬಿಗೆ ಸುರಿದುಕೊಳ್ಳುತ್ತಾರೆ. ಇಪ್ಪತ್ತು ಮೂವತ್ತು ಹಂದಿಗಳ ಮಾದರಿ ಒಂದೇ ಟ್ಯೂಬಿನಲ್ಲಿ ಸಿಕ್ಕಿತು. ಒಂದೊಂದೇ ಹಂದಿಯನ್ನು ಹಿಡಿದು, ಮೂತಿಗೆ ಕುಣಿಕೆ ಹಾಕಿ, ಅದು ಕಿವಿ ಕಿವುಡಾಗುವಂತೆ ಅರಚುತ್ತಿರುವಾಗ ರಕ್ತ ತೆಗೆಯುವ ಪಾಡು ಬೇಕಾಗಿಲ್ಲ.

ಆ ಟ್ಯೂಬಿನಲ್ಲಿ ಹುಡುಕುವುದು ಹಂದಿಯ ಕಾಯಿಲೆಯನ್ನು ಮಾತ್ರವಲ್ಲ, ನಾಳೆ ಹಂದಿಯಿಂದ ಅದರ ಮಾಲೀಕನಿಗೆ, ಮಾಲೀಕನಿಂದ ಊರಿಗೆ ದಾಟಬಲ್ಲ ವೈರಸ್ಸನ್ನೂ ಹೌದು. ಕೋಳಿ, ಬಾತು, ಹಂದಿ, ಹಸು, ಒಂಟೆ, ತುಪ್ಪಳಕ್ಕಾಗಿ ಸಾಕುವ ಮಿಂಕ್ ಎಲ್ಲವೂ ಈ ಹುಡುಕಾಟದ ವ್ಯಾಪ್ತಿಯೊಳಗೆ ಬರುತ್ತವೆ. ಸರ್ಕಾರಿ ಕಡತಗಳಲ್ಲಿ ಇದಕ್ಕೆ ಕಣ್ಗಾವಲು ಎಂಬ ಹೆಸರಿದೆ. ಹೆಸರು ಕೇಳಿದರೆ ಬಿಳಿ ಕೋಟು, ದುಬಾರಿ ಯಂತ್ರಗಳು ಕಣ್ಣ ಮುಂದೆ ಬರುತ್ತವೆ. ನನ್ನ ಮಟ್ಟಿಗೆ ಹೇಳುವುದಾದರೆ, ಈ ಇಡೀ ವ್ಯವಹಾರದಲ್ಲಿ ಪ್ರಯೋಗಾಲಯದ್ದು ಎಲ್ಲಕ್ಕಿಂತ ಸುಲಭದ ಭಾಗ. ಯಾವ ಪ್ರಾಣಿಯನ್ನು ನೋಡಬೇಕು, ಅದರ ಮೈಯ ಯಾವ ಭಾಗದಲ್ಲಿ ನೋಡಬೇಕು, ಕಂಡದ್ದನ್ನು ಯಾರು ಬಾಯಿಬಿಟ್ಟು ಹೇಳಬೇಕು ಎಂಬ ಪ್ರಶ್ನೆಗಳಲ್ಲೇ ಎಲ್ಲರೂ ಎಡವಿರುವುದು.

ಕೊಟ್ಟಿಗೆಯೇ ಏಕೆ?

ಹೊಸ ವೈರಸ್‌ಗಳ ಮೂಲ ನೆಲೆ ಹೆಚ್ಚಾಗಿ ಕಾಡುಪ್ರಾಣಿಗಳು: ಬಾವಲಿ, ನೀರುಹಕ್ಕಿ, ಇಲಿ ಹೆಗ್ಗಣ. ಆದರೆ ಮನುಷ್ಯ ಬಾವಲಿಯ ಮೈ ಮುಟ್ಟುವುದು ಅಪರೂಪ. ಸಾಕಿದ ಪ್ರಾಣಿಯ ವಿಷಯ ಹಾಗಲ್ಲ. ಅದರ ಉಸಿರು, ಜೊಲ್ಲು, ಸಗಣಿ, ಹಾಲು, ರಕ್ತ ಎಲ್ಲದರ ಜೊತೆಗೂ ದಿನನಿತ್ಯದ ಒಡನಾಟವಿದೆ. ಸಾಲದ್ದಕ್ಕೆ ಒಂದೇ ಸೂರಿನಡಿ ಸಾವಿರಾರು ಪ್ರಾಣಿಗಳು, ಒಂದೇ ತಳಿ, ಒಂದೇ ವಯಸ್ಸು. ಕಾಡಿನಲ್ಲಾದರೆ ನಾಲ್ಕಾರು ಪ್ರಾಣಿಗಳನ್ನು ಹಿಡಿದು ಮುಂದೆ ದಾರಿ ಸಿಗದೆ ಸೊರಗಿ ಹೋಗುತ್ತಿದ್ದ ವೈರಸ್ಸಿಗೆ ಇಲ್ಲಿ ಒಂದರ ಪಕ್ಕ ಒಂದು ಹೊಸ ಮೈ ಸಿಗುತ್ತಲೇ ಇರುತ್ತದೆ. ಪ್ರತಿ ಹೊಸ ಮೈಯಲ್ಲೂ ಅದು ತನ್ನ ಪ್ರತಿಗಳನ್ನು ತೆಗೆಯುತ್ತದೆ, ಪ್ರತಿ ತೆಗೆಯುವಾಗ ತಪ್ಪು ಮಾಡುತ್ತದೆ. ಅಂಥ ಲಕ್ಷಾಂತರ ತಪ್ಪುಗಳ ಪೈಕಿ ಒಂದು, ಮನುಷ್ಯನ ಜೀವಕೋಶಕ್ಕೆ ಅಂಟಿಕೊಳ್ಳಲು ಅನುಕೂಲ ಮಾಡಿಕೊಡುವಂಥದ್ದಾಗಿರಬಹುದು.

ಇನ್‌ಫ್ಲುಯೆಂಜಾ ವೈರಸ್ಸಿಗೆ ಇದಕ್ಕಿಂತ ವೇಗದ ದಾರಿಯೊಂದಿದೆ. ಅದರ ವಂಶವಾಹಿ ಒಂದೇ ಎಳೆಯಾಗಿರದೆ ಎಂಟು ತುಂಡುಗಳಾಗಿದೆ. ಹಂದಿಯ ಉಸಿರಾಟದ ನಾಳದಲ್ಲಿ ಹಕ್ಕಿಗಳ ಫ್ಲೂ ವೈರಸ್ ಅಂಟುವ ಗ್ರಾಹಕಗಳೂ (ಜೀವಕೋಶದ ಮೇಲೆ ವೈರಸ್ ಹಿಡಿದುಕೊಳ್ಳುವ ಕೊಂಡಿಗಳು) ಇವೆ, ಮನುಷ್ಯರ ಫ್ಲೂ ವೈರಸ್ ಅಂಟುವ ಗ್ರಾಹಕಗಳೂ ಇವೆ. ಎರಡು ಬಗೆಯ ವೈರಸ್‌ಗಳು ಒಂದೇ ಹಂದಿಯ ಒಂದೇ ಜೀವಕೋಶವನ್ನು ಹೊಕ್ಕರೆ ಹದಿನಾರು ತುಂಡುಗಳು ಕಲಬೆರಕೆಯಾಗಿ, ಹಿಂದೆಂದೂ ಇಲ್ಲದ ಹೊಸ ಎಂಟರ ಜೋಡಣೆಯೊಂದು ಹೊರಬರಬಹುದು. 2009ರಲ್ಲಿ ಜಗತ್ತನ್ನು ಸುತ್ತಿದ ಎಚ್1ಎನ್1 ಇಂಥ ಕಲಬೆರಕೆಯ ಕೂಸು. ಅದರ ವಂಶಾವಳಿಯನ್ನು ಬಿಡಿಸಿ ನೋಡಿದ ವಿಜ್ಞಾನಿಗಳಿಗೆ ತಿಳಿದದ್ದೇನೆಂದರೆ, ಅದರ ಪೂರ್ವಜರು ಸುಮಾರು ಒಂದು ದಶಕ ಕಾಲ ಯಾರ ಕಣ್ಣಿಗೂ ಬೀಳದೆ ಹಂದಿಗಳಲ್ಲಿ ಓಡಾಡಿಕೊಂಡಿದ್ದರು. ಆ ಹತ್ತು ವರ್ಷಗಳಲ್ಲಿ ಎಚ್5ಎನ್1 ಎಂಬ ಹಕ್ಕಿಜ್ವರದ ಭಯದಿಂದ ಏಷ್ಯಾದ ಕೋಳಿಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಹೊಸ ವೈರಸ್ ಹುಟ್ಟಿದ್ದು ಮೆಕ್ಸಿಕೊದ ಹಂದಿಗಳಲ್ಲಿ ಎಂದು ಮುಂದಿನ ಅಧ್ಯಯನಗಳು ತೋರಿಸಿದವು.

ನೋಡುವ ಜಾಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇನ್ನೂ ಕಟುವಾದ ಉದಾಹರಣೆ ಮಲೇಷ್ಯಾದ್ದು. 1998ರ ಸೆಪ್ಟೆಂಬರಿನಲ್ಲಿ ಇಪೋಹ್ ನಗರದ ಸುತ್ತಮುತ್ತ ಹಂದಿ ಸಾಕುವವರಿಗೆ ಮಿದುಳು ಜ್ವರ ಬರತೊಡಗಿತು. ಆ ಭಾಗದಲ್ಲಿ ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್‌ಸೆಫಲೈಟಿಸ್ ಹಳೆಯ ಕಾಯಿಲೆ, ಹಂದಿಗಳಿಗೂ ಅದಕ್ಕೂ ನಂಟಿದೆ. ಹಾಗಾಗಿ ಅದೇ ಇರಬೇಕೆಂದು ಸೊಳ್ಳೆಗೆ ಹೊಗೆ ಹಾಕಿದರು, ಜನರಿಗೆ ಲಸಿಕೆ ಚುಚ್ಚಿದರು. ಆದರೆ ಆ ಜ್ವರ ಮಕ್ಕಳನ್ನು ಹೆಚ್ಚಾಗಿ ಕಾಡಬೇಕಿತ್ತು. ಇಲ್ಲಿ ಸಾಯುತ್ತಿದ್ದವರು ಹಂದಿಗಳ ನಡುವೆ ದುಡಿಯುವ ಗಟ್ಟಿಮುಟ್ಟಾದ ಗಂಡಸರು, ಅವರಲ್ಲಿ ಲಸಿಕೆ ಹಾಕಿಸಿಕೊಂಡವರೂ ಇದ್ದರು. ಹಂದಿಗಳ ಕಡೆ ನೋಡಿದರೆ ಅವು ದೂರದವರೆಗೆ ಕೇಳಿಸುವಂತೆ ನಾಯಿ ಬೊಗಳಿದ ಹಾಗೆ ಕೆಮ್ಮುತ್ತಿದ್ದವು. ಸತ್ತವು ಕಡಿಮೆಯಾದ್ದರಿಂದ ಆ ಕೆಮ್ಮನ್ನು ಯಾರೂ ದೊಡ್ಡದು ಮಾಡಲಿಲ್ಲ.

1999ರ ಮಾರ್ಚಿನಲ್ಲಿ ಹೊಸ ವೈರಸ್ಸನ್ನು ಪ್ರತ್ಯೇಕಿಸಿ, ರೋಗಿಯ ಊರಾದ ಸುಂಗೈ ನಿಪಾದ ಹೆಸರಿನಿಂದ ನಿಪಾ ಎಂದು ಕರೆದರು. ಆ ಹೊತ್ತಿಗೆ ಉತ್ತರದಿಂದ ಮಾರಾಟವಾದ ಹಂದಿಗಳ ಜೊತೆ ಅದು ದಕ್ಷಿಣಕ್ಕೆ ಹೋಗಿಯಾಗಿತ್ತು, ಸಿಂಗಪುರದ ಕಸಾಯಿಖಾನೆಯ ಕೆಲಸಗಾರರಿಗೂ ಅಂಟಿತ್ತು. ಮಲೇಷ್ಯಾದಲ್ಲಿ 265 ಜನರಿಗೆ ಕಾಯಿಲೆ ಬಂದು 105 ಮಂದಿ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಂದರು. ಮೊದಲು ಸೋಂಕು ಕಾಣಿಸಿಕೊಂಡ ಫಾರಂನಲ್ಲಿ ಹಂದಿ ದೊಡ್ಡಿಗಳಿಗೆ ಒತ್ತಿಕೊಂಡೇ ಮಾವಿನ ಮರಗಳಿದ್ದವು. ಬಾವಲಿಗಳು ತಿಂದು ಬಿಟ್ಟ ಹಣ್ಣು ಕೆಳಗೆ ಬೀಳುತ್ತಿತ್ತು, ಹಂದಿಗಳು ಅದನ್ನು ತಿನ್ನುತ್ತಿದ್ದವು. ಫಾರಂನ ನಕ್ಷೆಯೊಂದನ್ನು ಮುಂದಿಟ್ಟುಕೊಂಡು ನೋಡಿದ್ದರೂ ಗೊತ್ತಾಗಬಹುದಾಗಿದ್ದ ಅಪಾಯ ಅದು.

ಮೂರು ಪ್ರಶ್ನೆಗಳು

ಪ್ರಯೋಗಾಲಯಕ್ಕೆ ಬಂದ ಮಾದರಿಗೆ ಮೂರು ಪ್ರಶ್ನೆ ಕೇಳಬಹುದು. ವೈರಸ್ ಈಗ ಇದೆಯೇ? ಇದಕ್ಕೆ ಉತ್ತರ ಪಿಸಿಆರ್. ವೈರಸ್ಸಿನ ವಂಶವಾಹಿಯ ಗೊತ್ತಾದ ಒಂದು ತುಣುಕನ್ನು ಸುತ್ತು ಸುತ್ತಿಗೂ ಇಮ್ಮಡಿಗೊಳಿಸುತ್ತ ಹೋಗಿ, ಕಾಣಿಸುವಷ್ಟು ಆಗುವವರೆಗೆ ಬೆಳೆಸುವ ವಿಧಾನ ಅದು. ಕೋವಿಡ್ ಕಾಲದಿಂದ ಎಲ್ಲರಿಗೂ ಪರಿಚಿತ. ಇದರ ಕೊರತೆ ಏನೆಂದರೆ, ಸೋಂಕು ಬಂದು ಹೋದ ಮೇಲೆ ಕೇಳಿದರೆ ಇಲ್ಲ ಎನ್ನುತ್ತದೆ. ಪ್ರಾಣಿಯೊಂದು ವೈರಸ್ ಹೊರಹಾಕುವುದು ಕೆಲವೇ ದಿನ. ಆ ದಿನಗಳು ತಪ್ಪಿದರೆ ಪಿಸಿಆರ್ ಕುರುಡು.

ಹಿಂದೆ ಯಾವಾಗಲಾದರೂ ಬಂದಿತ್ತೇ? ಇದು ಎರಡನೆಯ ಪ್ರಶ್ನೆ, ಉತ್ತರವಿರುವುದು ರಕ್ತದಲ್ಲಿ. ವೈರಸ್ ಹೋದ ಮೇಲೂ, ಅದರ ವಿರುದ್ಧ ಮೈ ತಯಾರಿಸಿಕೊಂಡ ಪ್ರತಿಕಾಯಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತವೆ. ಒಂದು ಹಿಂಡಿನ ಎಳೆಯ ಪ್ರಾಣಿಗಳಲ್ಲಿ ಪ್ರತಿಕಾಯ ಇಲ್ಲದೆ, ಮುದಿ ಪ್ರಾಣಿಗಳಲ್ಲಿ ಮಾತ್ರ ಇದ್ದರೆ ಸೋಂಕು ಹಳೆಯದು. ಎಳೆಯವುಗಳಲ್ಲೂ ಇದ್ದರೆ ಅದು ಇತ್ತೀಚಿನದು. ಅಷ್ಟರಮಟ್ಟಿಗೆ ಕಾಲವನ್ನೂ ಓದಬಹುದು. ಹಾಗೆ ಓದುವಾಗ ತಾಯಿಯ ಹಾಲಿನಿಂದಲೋ ಮೊಟ್ಟೆಯಿಂದಲೋ ಮರಿಗೆ ಇಳಿದ ಪ್ರತಿಕಾಯಗಳನ್ನು ಬೇರ್ಪಡಿಸಿಕೊಳ್ಳಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಸಿಕ್ಕಿರುವುದು ನಿಖರವಾಗಿ ಯಾವುದು, ಎಲ್ಲಿಂದ ಬಂದದ್ದು, ಎತ್ತ ಹೊರಟಿದೆ ಎಂಬುದು ಮೂರನೆಯ ಪ್ರಶ್ನೆ. ಇದಕ್ಕೆ ವೈರಸ್ಸಿನ ಪೂರ್ತಿ ಜೀನೋಮನ್ನು, ಅಂದರೆ ಇಡೀ ವಂಶವಾಹಿಯನ್ನು, ಅಕ್ಷರ ಅಕ್ಷರವಾಗಿ ಓದಬೇಕು. 2022ರ ಅಕ್ಟೋಬರಿನಲ್ಲಿ ಸ್ಪೇನಿನ ಗಲಿಸಿಯಾದ ಒಂದು ಮಿಂಕ್ ಫಾರಂನಲ್ಲಿ ಪ್ರಾಣಿಗಳು ಎಂದಿಗಿಂತ ಹೆಚ್ಚಾಗಿ ಸಾಯತೊಡಗಿದವು. ಮಿಂಕ್‌ಗಳಿಗೂ ಬರಬಹುದಾದ ಕೊರೊನಾ ಇರಬಹುದೇ ಎಂದು ನೋಡಿದರೆ ಅದು ಇರಲಿಲ್ಲ, ಎಚ್5ಎನ್1 ಹಕ್ಕಿಜ್ವರ ಸಿಕ್ಕಿತು. ಜೀನೋಮ್ ಓದಿದಾಗ ಪಿಬಿ2 ಎಂಬ ಪ್ರೋಟೀನಿನಲ್ಲಿ, ಸಸ್ತನಿಗಳ ಜೀವಕೋಶದೊಳಗೆ ವೈರಸ್ ಚುರುಕಾಗಿ ಬೆಳೆಯಲು ನೆರವಾಗುವ ಬದಲಾವಣೆಯೊಂದು ಕಂಡಿತು. ಹಕ್ಕಿಯಿಂದ ಒಂದೊಂದು ಮಿಂಕಿಗೆ ಬೇರೆ ಬೇರೆಯಾಗಿ ತಗುಲಿದ್ದಕ್ಕಿಂತ, ಮಿಂಕಿನಿಂದ ಮಿಂಕಿಗೇ ಹರಡಿರುವ ಸಾಧ್ಯತೆ ಹೆಚ್ಚೆಂದು ತಜ್ಞರು ಬೆಚ್ಚಿದರು. ಸುಮಾರು 52,000 ಮಿಂಕ್‌ಗಳನ್ನು ಕೊಂದರು. ಕೆಲಸಗಾರರನ್ನು ಪರೀಕ್ಷಿಸಿದಾಗ ಯಾರಲ್ಲೂ ಸೋಂಕು ಇರಲಿಲ್ಲ. ಇಲ್ಲಿ ವ್ಯವಸ್ಥೆ ಕೆಲಸ ಮಾಡಿತು. ಹೆಚ್ಚು ಪ್ರಾಣಿಗಳು ಸತ್ತದ್ದನ್ನು ಯಾರೋ ಎಣಿಸಿದರು, ಎಣಿಸಿದ್ದನ್ನು ಹೇಳಿದರು ಎಂಬುದೇ ಅದಕ್ಕೆ ಕಾರಣ.

ಎಷ್ಟು ನೋಡಿದರೆ ಸಾಕು?

ಹತ್ತು ಸಾವಿರ ಕೋಳಿಗಳ ಫಾರಂನಲ್ಲಿ ಎಲ್ಲ ಕೋಳಿಗಳ ಗಂಟಲಿಗೂ ಸ್ವಾಬ್ ಹಾಕಲಾಗದು. ಹಾಗಾದರೆ ಎಷ್ಟಕ್ಕೆ ಹಾಕಬೇಕು? ಇದರ ಲೆಕ್ಕ ಒಮ್ಮೆ ಕೈಯಾರೆ ಮಾಡಿ ನೋಡುವಂಥದ್ದು. ಹಿಂಡಿನಲ್ಲಿ ನೂರಕ್ಕೆ ಹತ್ತು ಪ್ರಾಣಿಗಳಿಗೆ ಸೋಂಕಿದೆ ಎಂದಿಟ್ಟುಕೊಳ್ಳೋಣ. ಕಣ್ಣು ಮುಚ್ಚಿ ಒಂದು ಪ್ರಾಣಿಯನ್ನು ಹಿಡಿದರೆ ಅದು ಸೋಂಕಿಲ್ಲದ್ದಾಗಿರುವ ಸಂಭವ 0.9. ಎರಡೂ ಸೋಂಕಿಲ್ಲದವಾಗಿರುವುದು 0.9 ಗುಣಿಸು 0.9. ಹೀಗೇ ಗುಣಿಸುತ್ತ ಹೋದರೆ 29ನೆಯ ಪ್ರಾಣಿಗೆ ಬರುವಷ್ಟರಲ್ಲಿ ಉತ್ತರ 0.05ಕ್ಕಿಂತ ಕೆಳಗಿಳಿಯುತ್ತದೆ. ಅಂದರೆ 29 ಪ್ರಾಣಿಗಳನ್ನು ನೋಡಿದರೆ, ಒಂದಾದರೂ ಸೋಂಕಿತ ಪ್ರಾಣಿ ಕೈಗೆ ಸಿಗುವ ಭರವಸೆ ಶೇಕಡ 95. ಹಿಂಡು ಹತ್ತು ಸಾವಿರದ್ದೇ ಇರಲಿ, ಲಕ್ಷದ್ದೇ ಇರಲಿ, ಈ ಸಂಖ್ಯೆ ಹೆಚ್ಚುಕಡಿಮೆ ಇಷ್ಟೇ. ಪಶುವೈದ್ಯರು ಮೂವತ್ತರ ಲೆಕ್ಕದಲ್ಲಿ ಮಾದರಿ ತೆಗೆಯುವುದರ ಗುಟ್ಟು ಇದು.

ಆದರೆ ಸೋಂಕು ಶೇಕಡ ಐದರಷ್ಟೇ ಇದ್ದರೆ 59 ಪ್ರಾಣಿಗಳನ್ನು ನೋಡಬೇಕು. ಶೇಕಡ ಒಂದಿದ್ದರೆ ಸುಮಾರು 300. ವೈರಸ್ ಹಿಂಡಿನೊಳಗೆ ಆಗತಾನೆ ಕಾಲಿಟ್ಟ ದಿನಗಳಲ್ಲಿ, ಅಂದರೆ ಪತ್ತೆ ಹಚ್ಚಿದರೆ ಎಲ್ಲಕ್ಕಿಂತ ಹೆಚ್ಚು ಲಾಭವಿರುವ ದಿನಗಳಲ್ಲಿ, ಸೋಂಕಿನ ಪ್ರಮಾಣ ಶೇಕಡ ಒಂದಕ್ಕಿಂತಲೂ ಕಡಿಮೆ ಇರುತ್ತದೆ. ಮೂವತ್ತು ಸ್ವಾಬ್‌ಗಳ ವರದಿ ನೆಗೆಟಿವ್ ಎಂದು ಬಂದರೆ ಹಿಂಡಿನಲ್ಲಿ ವೈರಸ್ ಇಲ್ಲ ಎಂದು ಅರ್ಥ ಮಾಡಬಾರದು, ಇದ್ದರೂ ಹೆಚ್ಚಿಲ್ಲ ಎಂದಷ್ಟೇ ತಿಳಿಯಬೇಕು. ಪತ್ರಿಕಾ ಹೇಳಿಕೆಗಳಲ್ಲಿ ಈ ಎರಡನೆಯ ಅರ್ಥವನ್ನು ನಾನಂತೂ ಕಂಡದ್ದು ಕಡಿಮೆ.

ಹಗ್ಗದ ಜೊಲ್ಲು, ಟ್ಯಾಂಕಿನ ಹಾಲು, ಚರಂಡಿಯ ನೀರು ಇವುಗಳ ಮಹತ್ವ ಇಲ್ಲಿ ತಿಳಿಯುತ್ತದೆ. ನೂರಾರು ಪ್ರಾಣಿಗಳ ಮಾದರಿ ಒಂದೇ ಕಡೆ ಸೇರಿರುತ್ತದೆ. ಹಾಗೆ ಬೆರೆಸಿದಾಗ ಒಂದೇ ಪ್ರಾಣಿಯ ವೈರಸ್ ತೆಳುವಾಗಿ ತಪ್ಪಿಹೋಗುವ ಅಪಾಯವಿದ್ದರೂ, ವಾರ ವಾರವೂ ಅಗ್ಗವಾಗಿ ನೋಡಬಹುದು ಎಂಬ ಅನುಕೂಲ ದೊಡ್ಡದು. ಇನ್ನೊಂದು ದಾರಿ, ಕಣ್ಣು ಮುಚ್ಚಿ ಆರಿಸುವುದನ್ನು ಬಿಟ್ಟು ಸತ್ತವನ್ನು, ಕಾಯಿಲೆ ಬಿದ್ದವನ್ನು ಹುಡುಕಿ ನೋಡುವುದು. ನೆದರ್‌ಲ್ಯಾಂಡ್ಸ್‌ನಲ್ಲಿ 2020ರ ಏಪ್ರಿಲಿನಲ್ಲಿ ಮಿಂಕ್ ಫಾರಂಗಳಿಗೆ ಕೊರೊನಾ ಹೊಕ್ಕಾಗ ಪ್ರತಿ ಫಾರಂನವರೂ ವಾರಕ್ಕೊಮ್ಮೆ ಸತ್ತ ಮಿಂಕ್‌ಗಳನ್ನು ಪರೀಕ್ಷೆಗೆ ಕಳಿಸಬೇಕೆಂದು ಕಡ್ಡಾಯ ಮಾಡಿದರು. ಹೊಸ ಫಾರಂಗಳ ಸೋಂಕು ಹಾಗೆಯೇ ಪತ್ತೆಯಾಗುತ್ತ ಹೋಯಿತು. ಮಿಂಕಿನಿಂದ ಮನುಷ್ಯನಿಗೆ ವೈರಸ್ ಮರಳಿ ದಾಟಿದ್ದನ್ನು ಜೀನೋಮ್ ಹೋಲಿಸಿ ತೋರಿಸಿದ್ದೂ ಅಲ್ಲಿಯೇ.

ಪರೀಕ್ಷೆ ಹೆಚ್ಚಿದಷ್ಟೂ ಸುಳ್ಳು ಪಾಸಿಟಿವ್‌ಗಳೂ ಹೆಚ್ಚುತ್ತವೆ. ಸಾವಿರಕ್ಕೆ ಐದು ಸಲ ಮಾತ್ರ ತಪ್ಪುವ ಪರೀಕ್ಷೆಯನ್ನೇ ಸೋಂಕಿಲ್ಲದ ಹತ್ತು ಸಾವಿರ ಪ್ರಾಣಿಗಳ ಮೇಲೆ ಮಾಡಿದರೆ ಸುಮಾರು ಐವತ್ತು ಪಾಸಿಟಿವ್ ಬಂದೇ ಬರುತ್ತವೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂತೆ ಮೊದಲ ವರದಿಗೇ ಹಿಂಡು ಕೊಲ್ಲಲು ಹೊರಡದೆ, ಬೇರೊಂದು ವಿಧಾನದಿಂದ ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಒಂದೆರಡು ದಿನ ಬೇಕು. ಆ ಒಂದೆರಡು ದಿನ ಫಾರಂನ ಗೇಟು ಮುಚ್ಚಿರಬೇಕು.

ಕಾಯಿಲೆ ಬೀಳದ ಪ್ರಾಣಿಗಳು

ಸತ್ತ ಪ್ರಾಣಿಗಳನ್ನೇ ನೋಡುವ ವಿಧಾನಕ್ಕೆ ಒಂದು ದೊಡ್ಡ ರಂಧ್ರವಿದೆ. ಕೆಲವು ವೈರಸ್‌ಗಳು ಮನುಷ್ಯನನ್ನು ಕೊಲ್ಲುತ್ತವೆ, ಪ್ರಾಣಿಯ ಕೂದಲನ್ನೂ ಕೊಂಕಿಸುವುದಿಲ್ಲ. 2013ರ ಮಾರ್ಚಿನಲ್ಲಿ ಚೀನಾದಲ್ಲಿ ಎಚ್7ಎನ್9 ಎಂಬ ಫ್ಲೂ ಮನುಷ್ಯರಲ್ಲಿ ಕಂಡಾಗ, ಜೀವಂತ ಕೋಳಿ ಮಾರುವ ಮಾರುಕಟ್ಟೆಗಳಲ್ಲಿ ಹುಡುಕಿದರೆ ಕೋಳಿಗಳು ಲವಲವಿಕೆಯಿಂದ ಕಾಳು ಕುಕ್ಕುತ್ತಿದ್ದವು. ಅವುಗಳ ಗಂಟಲಿನಲ್ಲಿ ವೈರಸ್ ಇತ್ತು. ಮುಂದಿನ ವರ್ಷಗಳಲ್ಲಿ 1,500ಕ್ಕೂ ಹೆಚ್ಚು ಜನರಿಗೆ ಅದು ತಗುಲಿತು, 600ಕ್ಕೂ ಹೆಚ್ಚು ಮಂದಿ ಸತ್ತರು. 2017ರಲ್ಲಿ ಚೀನಾ ಕೋಳಿಗಳಿಗೆಲ್ಲ ಲಸಿಕೆ ಹಾಕಿಸಿದ ಮೇಲೆ ಮನುಷ್ಯರಲ್ಲಿನ ಪ್ರಕರಣಗಳು ಥಟ್ಟನೆ ಇಳಿದವು. ಕೋಳಿಗಳಲ್ಲಿ ರೋಗವೇ ಕಾಣದಿದ್ದರಿಂದ, ಕೋಳಿಯಲ್ಲಿ ವೈರಸ್ ಇದೆ ಎಂದು ಮೊದಲು ತಿಳಿಸಿದ್ದು ಆಸ್ಪತ್ರೆಯ ಹಾಸಿಗೆಗಳು.

ಒಂಟೆಗಳದ್ದು ಇನ್ನೂ ವಿಚಿತ್ರ. ಮರ್ಸ್ ಎಂಬ ಕೊರೊನಾ ವೈರಸ್ 2012ರಲ್ಲಿ ಸೌದಿ ಅರೇಬಿಯಾದ ರೋಗಿಯೊಬ್ಬರಲ್ಲಿ ಕಂಡಿತು. ಸೋಂಕು ತಗುಲಿ ಆಸ್ಪತ್ರೆ ಸೇರಿದವರಲ್ಲಿ ಮೂವರಿಗೊಬ್ಬರಂತೆ ಸತ್ತರು. ಒಂಟೆಗಳಿಗೆ ಅದು ಬರೀ ಮೂಗು ಸೋರುವ ನೆಗಡಿ, ಬಹುಪಾಲು ಮರಿಗಳಿಗೆ. ಎಲ್ಲೋ ಫ್ರೀಜರಿನಲ್ಲಿ ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂಟೆಗಳ ಹಳೆಯ ರಕ್ತದ ಸೀರಂ ತೆಗೆದು ನೋಡಿದರೆ, 1983ರ ಆಫ್ರಿಕಾದ ಒಂಟೆಗಳಲ್ಲೇ ಪ್ರತಿಕಾಯಗಳಿದ್ದವು. ಮೂವತ್ತು ವರ್ಷ ವೈರಸ್ ಅಲ್ಲಿತ್ತು, ಯಾರೂ ಕೇಳಿರಲಿಲ್ಲ. ಮಾದರಿಗಳನ್ನು ಪರೀಕ್ಷೆ ಮುಗಿದೊಡನೆ ಎಸೆಯದೆ ಫ್ರೀಜರಿನಲ್ಲಿ ಉಳಿಸಿಕೊಳ್ಳಬೇಕೆಂದು ವಿಜ್ಞಾನಿಗಳು ಹಟ ಹಿಡಿಯುವುದರ ಅರ್ಥ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ. ವಿದ್ಯುತ್ ಬಿಲ್ಲು ಕಟ್ಟುವ ಅಧಿಕಾರಿಗೆ ಅದನ್ನು ವಿವರಿಸುವುದು ಮಾತ್ರ ಬೇರೆಯದೇ ಸಾಹಸ.

ಹಾಲಿನಲ್ಲಿ ಸಿಕ್ಕ ಹಕ್ಕಿಜ್ವರ

ನೋಡುವ ಪ್ರಾಣಿ, ನೋಡುವ ಅಂಗ, ಹೇಳುವ ಬಾಯಿ ಮೂರೂ ಒಟ್ಟಿಗೆ ಪರೀಕ್ಷೆಗೆ ಒಳಗಾದದ್ದು 2024ರಲ್ಲಿ, ಅಮೆರಿಕದ ಹೈನುಗಾರಿಕೆಯಲ್ಲಿ. ವರ್ಷದ ಆರಂಭದಲ್ಲಿ ಟೆಕ್ಸಸ್‌ನ ಉತ್ತರ ಭಾಗದ ಡೈರಿಗಳಲ್ಲಿ ಹಸುಗಳು ಮೇವು ಬಿಟ್ಟವು, ಹಾಲು ಇಳಿಯಿತು. ಕರೆದ ಹಾಲು ಗಿಣ್ಣದ ಹಾಗೆ ಗಟ್ಟಿಯಾಗಿ, ಹಳದಿಯಾಗಿ ಬರುತ್ತಿತ್ತು. ಪಶುವೈದ್ಯರು ಹಸುಗಳಿಗೆ ಬರಬಹುದಾದ ಗೊತ್ತಿರುವ ಕಾಯಿಲೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ ಬಿಟ್ಟರು. ಹಕ್ಕಿಜ್ವರ ಆ ಪಟ್ಟಿಯಲ್ಲೇ ಇರಲಿಲ್ಲ. ಹಸುವಿಗೆ ಎಚ್5ಎನ್1 ಬರುತ್ತದೆಂದು ಯಾರು ಎಣಿಸಿಯಾರು?

ಸುಳಿವು ಕೊಟ್ಟದ್ದು ಬೆಕ್ಕುಗಳು. ಕಾಯಿಲೆ ಬಿದ್ದ ಹಸುಗಳ ಹಸಿ ಹಾಲು ಕುಡಿದಿದ್ದ ಡೈರಿಯ ಬೆಕ್ಕುಗಳು ಕಣ್ಣು ಕಾಣದೆ, ತೂರಾಡುತ್ತ ಸತ್ತವು. ಬೆಕ್ಕುಗಳಿಗೆ ಹಕ್ಕಿಜ್ವರ ಮಾರಕ ಎಂಬುದು ಮೊದಲೇ ಗೊತ್ತಿತ್ತು. ಬೆಕ್ಕಿನ ಮಿದುಳಿನಲ್ಲೂ ಹಸುವಿನ ಹಾಲಿನಲ್ಲೂ ಅದೇ ವೈರಸ್ ಸಿಕ್ಕಿತು. ಮಾರ್ಚ್ 25ರಂದು ಅಮೆರಿಕದ ಕೃಷಿ ಇಲಾಖೆ ಅದನ್ನು ಪ್ರಕಟಿಸಿತು. ಆಮೇಲೆ ಜೀನೋಮ್‌ಗಳನ್ನು ಹೋಲಿಸಿದವರು, ಹಕ್ಕಿಯಿಂದ ಹಸುವಿಗೆ ವೈರಸ್ ದಾಟಿದ್ದು ಅದಕ್ಕೂ ಕೆಲವು ತಿಂಗಳ ಮೊದಲು, 2023ರ ಕೊನೆಯ ಹೊತ್ತಿಗೆ ಎಂದರು.

ಫ್ಲೂ ಎಂದರೆ ಉಸಿರಾಟದ ಕಾಯಿಲೆ, ಹಾಗಾಗಿ ಮೂಗಿಗೆ ಸ್ವಾಬ್ ಹಾಕುವುದು ವಾಡಿಕೆ. ಈ ಹಸುಗಳ ಮೂಗಿನಲ್ಲಿ ವೈರಸ್ ಸಿಕ್ಕಿದ್ದು ಕಡಿಮೆ. ಕೆಚ್ಚಲಿನ ಜೀವಕೋಶಗಳಲ್ಲಿ ಅದು ಅಂಟುವ ಗ್ರಾಹಕಗಳು ದಂಡಿಯಾಗಿದ್ದುದರಿಂದ ಹಾಲು ತುಂಬ ವೈರಸ್ ಇತ್ತು. ಮೂಗನ್ನು ಮಾತ್ರ ನೋಡುತ್ತಿದ್ದ ವ್ಯವಸ್ಥೆ ಆ ಹಸುಗಳನ್ನು ಆರೋಗ್ಯವಂತ ಎಂದು ಪಾಸು ಮಾಡಿಬಿಡುತ್ತಿತ್ತು. ಹರಡುವ ದಾರಿಯೂ ಬಹುಮಟ್ಟಿಗೆ ಹಾಲು ಕರೆಯುವ ಯಂತ್ರಗಳದ್ದು, ಒಂದು ರಾಜ್ಯದಿಂದ ಇನ್ನೊಂದಕ್ಕೆ ಲಾರಿಯಲ್ಲಿ ಸಾಗಿಸಿದ ಹಸುಗಳದ್ದು. ಅಂಗಡಿಗಳಲ್ಲಿ ಮಾರುವ ಹಾಲನ್ನು ಸರ್ಕಾರ ಪರೀಕ್ಷಿಸಿದಾಗ ಐದು ಮಾದರಿಗಳಲ್ಲಿ ಒಂದರಂತೆ ವೈರಸ್ಸಿನ ತುಣುಕುಗಳು ಸಿಕ್ಕವು. ಪಾಶ್ಚರೀಕರಣದ ಶಾಖಕ್ಕೆ ವೈರಸ್ ಸತ್ತಿತ್ತು, ಅದರಿಂದ ಜನರಿಗೆ ಅಪಾಯವಿರಲಿಲ್ಲ. ಆದರೆ ಐದರಲ್ಲೊಂದು ಎಂಬ ಸಂಖ್ಯೆ, ಅಧಿಕೃತ ಪಟ್ಟಿಯಲ್ಲಿದ್ದ ಬೆರಳೆಣಿಕೆಯ ಡೈರಿಗಳಿಗಿಂತ ಸೋಂಕು ಎಷ್ಟೋ ದೂರ ಹೋಗಿದೆ ಎಂದು ಸಾರಿ ಹೇಳುತ್ತಿತ್ತು.

ಏಪ್ರಿಲ್ ಕೊನೆಯಲ್ಲಿ ಬಂದ ಆದೇಶದ ಪ್ರಕಾರ ರಾಜ್ಯದ ಗಡಿ ದಾಟುವ ಕರೆಯುವ ಹಸುಗಳಿಗೆ ಪರೀಕ್ಷೆ ಕಡ್ಡಾಯವಾಯಿತು. ದೊಡ್ಡ ಗುಂಪಾದರೆ ಮೂವತ್ತು ಹಸುಗಳನ್ನು ನೋಡಿದರೆ ಸಾಕಿತ್ತು. ಗಡಿ ದಾಟದ ಹಸುವನ್ನು ಪರೀಕ್ಷಿಸುವುದು ಬಿಡುವುದು ಬಹುಪಾಲು ಮಾಲೀಕನ ಇಷ್ಟಕ್ಕೆ ಉಳಿಯಿತು. ಕೊಲೊರಾಡೊ ರಾಜ್ಯ ಜುಲೈನಲ್ಲಿ ಪ್ರತಿ ಡೈರಿಯ ಹಾಲಿನ ಟ್ಯಾಂಕನ್ನೂ ವಾರಕ್ಕೊಮ್ಮೆ ಪರೀಕ್ಷಿಸಲು ಶುರುಮಾಡಿತು. ಇಡೀ ದೇಶಕ್ಕೆ ಹಾಲಿನ ಪರೀಕ್ಷೆಯ ಆದೇಶ ಬಂದದ್ದು ಡಿಸೆಂಬರಿನಲ್ಲಿ, ಮೊದಲ ಪ್ರಕರಣದ ಎಂಟು ತಿಂಗಳ ಮೇಲೆ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಹಂಗಿಸಬಹುದು. ಆದರೂ ಆ ಬಾಗಿಲು ಉಪಯೋಗಕ್ಕೆ ಬಂತು. 2025ರ ಜನವರಿಯಲ್ಲಿ ನೆವಾಡಾದ ಹಾಲಿನ ಮಾದರಿಯಲ್ಲಿ ಸಿಕ್ಕ ವೈರಸ್ಸಿನ ಜೀನೋಮ್ ಓದಿದರೆ ಅದು ಟೆಕ್ಸಸ್‌ನ ವಂಶದ್ದಾಗಿರಲಿಲ್ಲ. ಹಕ್ಕಿಯಿಂದ ಹಸುವಿಗೆ ಎರಡನೆಯ ಸಲ, ಬೇರೆಯದೇ ವೈರಸ್ ದಾಟಿತ್ತು. ಮುಂದಿನ ತಿಂಗಳು ಅರಿಜೋನಾದಲ್ಲಿ ಇನ್ನೊಂದು ಸಲ. ಹಸುವಿಗೆ ಬರುವುದೇ ಅಪರೂಪ, ಒಮ್ಮೆ ಆಕಸ್ಮಿಕವಾಗಿ ಬಂತು ಎಂಬ ಸಮಾಧಾನ ಅಲ್ಲಿಗೆ ಮುಗಿಯಿತು.

ಫೋನ್ ಎತ್ತುವವನ ಲೆಕ್ಕಾಚಾರ

ಅಷ್ಟೊಂದು ಡೈರಿಗಳು ಪರೀಕ್ಷೆಗೆ ಏಕೆ ಹಿಂಜರಿದವು? ಮಾಲೀಕನ ಜಾಗದಲ್ಲಿ ನಿಂತು ನೋಡಿದರೆ ಉತ್ತರ ಕಷ್ಟವಲ್ಲ. ಕೋಳಿಗಳು ಎಂದಿಗಿಂತ ಸ್ವಲ್ಪ ಕಡಿಮೆ ನೀರು ಕುಡಿಯುತ್ತಿವೆ, ಮೊಟ್ಟೆ ಇಳಿದಿದೆ, ನಾಲ್ಕಾರು ಸತ್ತಿವೆ. ಇದನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಕಾಣುವವನು ಫಾರಂನ ಕೆಲಸಗಾರ, ಅವನ ಹಿಂದೆಯೇ ಮಾಲೀಕ. ಸುದ್ದಿ ತಿಳಿಸಿದರೆ ಗೇಟು ಮುಚ್ಚುತ್ತದೆ, ಮಾರಾಟ ನಿಲ್ಲುತ್ತದೆ. ಸೋಂಕು ಖಚಿತವಾದರೆ ಇಡೀ ಹಿಂಡನ್ನು ಕೊಲ್ಲುತ್ತಾರೆ, ಅಕ್ಕಪಕ್ಕದ ಫಾರಂಗಳಿಗೂ ನಿರ್ಬಂಧ ಬೀಳುತ್ತದೆ, ನೆರೆಯವರ ಶಾಪ ಬೇರೆ. ತಿಳಿಸದೆ ಸುಮ್ಮನಿದ್ದರೆ ಸಾಮಾನ್ಯ ಕಾಯಿಲೆಯಾಗಿದ್ದು ವಾರದಲ್ಲಿ ಸರಿಹೋಗಬಹುದು. ರಾತ್ರೋರಾತ್ರಿ ಲಾರಿಗೆ ತುಂಬಿ ಮಾರಿಬಿಡುವ ದಾರಿಯೂ ಇದೆ. ಮೊದಲು ಕಂಡವನೇ ಹೇಳಿದ್ದಕ್ಕೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವ ಹಾಗೆ ವ್ಯವಸ್ಥೆಯನ್ನು ಕಟ್ಟಿ, ಆಮೇಲೆ ಅವನ ಪ್ರಾಮಾಣಿಕತೆಯ ಮೇಲೆ ಭಾರ ಹಾಕಿ ಕೂರುವುದು ನನಗೆ ಜಾಣತನವೆನಿಸುವುದಿಲ್ಲ.

ಹಾಗಾಗಿ ಪರಿಹಾರಧನವೂ ಪಿಸಿಆರ್‌ನಷ್ಟೇ ಕಣ್ಗಾವಲಿನ ಉಪಕರಣ. ಅದು ಮಾರುಕಟ್ಟೆ ಬೆಲೆಗಿಂತ ತೀರ ಕಡಿಮೆಯಿದ್ದರೆ ಅಥವಾ ವರ್ಷಗಟ್ಟಲೆ ತಡವಾದರೆ ಯಾರೂ ಬಾಯಿ ಬಿಡುವುದಿಲ್ಲ. ಬೆಲೆಗಿಂತ ಹೆಚ್ಚು ಕೊಟ್ಟರೆ ಕಾಯಿಲೆಯನ್ನು ಬಾಗಿಲಲ್ಲಿ ತಡೆಯುವ ಉತ್ಸಾಹವೇ ಕುಂದುತ್ತದೆ. ಬಹಳ ದೇಶಗಳಲ್ಲಿ ಕಾಯಿಲೆ ಬಿದ್ದು ಸತ್ತ ಪ್ರಾಣಿಗೆ ಪರಿಹಾರವಿಲ್ಲ, ಸರ್ಕಾರ ಬಂದು ಕೊಂದದ್ದಕ್ಕೆ ಮಾತ್ರ ಇದೆ. ಬೇಗ ಹೇಳಿದವನಿಗೆ ಹೆಚ್ಚು ಪ್ರಾಣಿಗಳ ಲೆಕ್ಕ ಸಿಗಲಿ ಎಂಬುದು ಇದರ ಹಿಂದಿರುವ ಉಪಾಯ.

ದೇಶಗಳ ಮಟ್ಟದಲ್ಲೂ ಇದೇ ಕಥೆ. ಪ್ಯಾರಿಸ್ಸಿನಲ್ಲಿ 1924ರಲ್ಲಿ ಹುಟ್ಟಿದ, ಈಗ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಎಂಬ ಹೆಸರಿನ ಸಂಸ್ಥೆಗೆ, ಪಟ್ಟಿಯಲ್ಲಿರುವ ರೋಗ ಹೊಸದಾಗಿ ಕಂಡರೆ 24 ಗಂಟೆಯೊಳಗೆ ತಿಳಿಸುವುದಾಗಿ ಸದಸ್ಯ ದೇಶಗಳು ಒಪ್ಪಿಕೊಂಡಿವೆ. ತಿಳಿಸಿದ ಮರುದಿನವೇ ಕೊಳ್ಳುವ ದೇಶಗಳು ಆಮದು ನಿಲ್ಲಿಸುತ್ತವೆ. ಇಡೀ ದೇಶದ ಬದಲು ಸೋಂಕಿರುವ ವಲಯಕ್ಕೆ ಮಾತ್ರ ನಿಷೇಧ ಸೀಮಿತವಾಗಲಿ ಎಂಬ ನಿಯಮಗಳು ಬಂದದ್ದು ಆ ಭಯವನ್ನು ತಗ್ಗಿಸಲೆಂದೇ.

ಸರ್ಕಾರ ಗಾಬರಿಗೆ ಬಿದ್ದರೂ ನಂಬಿಕೆ ಕೆಡುತ್ತದೆ. 2020ರ ನವೆಂಬರಿನಲ್ಲಿ ಡೆನ್ಮಾರ್ಕ್, ಮಿಂಕ್‌ಗಳಲ್ಲಿ ರೂಪಾಂತರಗೊಂಡ ಕೊರೊನಾ ವೈರಸ್‌ಗೆ ಹೆದರಿ ದೇಶದ ಎಲ್ಲ ಮಿಂಕ್‌ಗಳನ್ನು, ಸುಮಾರು 1.7 ಕೋಟಿಯಷ್ಟನ್ನು, ಕೊಲ್ಲಲು ಹೇಳಿತು. ಸೋಂಕಿಲ್ಲದ ಫಾರಂಗಳ ಪ್ರಾಣಿಗಳನ್ನೂ ಕೊಲ್ಲಿಸುವ ಕಾನೂನುಬದ್ಧ ಅಧಿಕಾರ ಸರ್ಕಾರಕ್ಕೆ ಆಗ ಇರಲಿಲ್ಲವೆಂದು ಕೆಲವೇ ದಿನಗಳಲ್ಲಿ ಬಯಲಾಯಿತು. ಕೃಷಿ ಸಚಿವರು ರಾಜೀನಾಮೆ ಕೊಟ್ಟರು.

ಲಸಿಕೆಯ ವಿಷಯದಲ್ಲೂ ಒಂದು ತೊಡಕಿದೆ. ಲಸಿಕೆ ಪಡೆದ ಕೋಳಿ ಸಾಯುವುದಿಲ್ಲ, ಆದರೆ ವೈರಸ್ ಅದರಲ್ಲಿ ಸದ್ದಿಲ್ಲದೆ ಸುಳಿದಾಡಬಹುದು. ಸಾವೆಂಬ ಎಚ್ಚರಿಕೆಯ ಗಂಟೆಯೇ ಇಲ್ಲವಾಗುತ್ತದೆ. 2023ರ ಅಕ್ಟೋಬರಿನಿಂದ ಬಾತುಗಳಿಗೆ ಲಸಿಕೆ ಹಾಕುತ್ತಿರುವ ಫ್ರಾನ್ಸ್ ಅದಕ್ಕೆಂದೇ ಲಸಿಕೆಯ ಜೊತೆಜೊತೆಗೆ ಪರೀಕ್ಷೆಯನ್ನೂ ಬಿಗಿಗೊಳಿಸಬೇಕಾಯಿತು. ಕೆಲವೆಡೆ ಹಿಂಡಿನ ನಡುವೆ ಲಸಿಕೆ ಹಾಕದ ಒಂದಷ್ಟು ಹಕ್ಕಿಗಳನ್ನು ಗುರುತು ಮಾಡಿ ಬಿಟ್ಟಿರುತ್ತಾರೆ. ವೈರಸ್ ಬಂದರೆ ಮೊದಲು ಅವು ಬೀಳುತ್ತವೆ.

ಕೆಲವು ಸಲ ಪ್ರಾಣಿಗಿಂತ ಮೊದಲು ಆಕಾಶವನ್ನು ನೋಡಬಹುದು. ಪೂರ್ವ ಆಫ್ರಿಕಾದ ರಿಫ್ಟ್ ವ್ಯಾಲಿ ಜ್ವರ ಸೊಳ್ಳೆಯಿಂದ ಹರಡುವಂಥದ್ದು, ವಿಪರೀತ ಮಳೆಯಾದ ವರ್ಷ ಭುಗಿಲೇಳುತ್ತದೆ. ಹಿಂಡಿನ ಕುರಿ ದನಗಳು ಸಾಲುಸಾಲಾಗಿ ಕಂದು ಹಾಕುತ್ತವೆ. ಸಮುದ್ರದ ತಾಪ, ಉಪಗ್ರಹ ಕಂಡ ಹಸಿರು ಇವುಗಳ ಆಧಾರದ ಮೇಲೆ 2006ರಲ್ಲಿ ಕೊಟ್ಟ ಮುನ್ಸೂಚನೆ ನಿಜವಾಯಿತು. ಆ ವರ್ಷದ ಕೊನೆಗೆ ಕೀನ್ಯಾದಲ್ಲಿ ರೋಗ ಕಾಣಿಸಿಕೊಂಡಿತು. ಆದರೆ ಎಲ್ಲ ವೈರಸ್‌ಗಳೂ ಮಳೆಯ ಮಾತು ಕೇಳುವುದಿಲ್ಲ.

ಕೊಟ್ಟಿಗೆಯಲ್ಲಿ ದುಡಿಯುವವರು

ಪ್ರಾಣಿಗಳನ್ನು ಪರೀಕ್ಷಿಸುವವರು ಪಶುಸಂಗೋಪನೆ ಇಲಾಖೆಯವರು, ಮನುಷ್ಯರನ್ನು ಪರೀಕ್ಷಿಸುವವರು ಆರೋಗ್ಯ ಇಲಾಖೆಯವರು. ಇಬ್ಬರ ಕಚೇರಿ ಬೇರೆ, ಬಜೆಟ್ ಬೇರೆ, ಕೆಲವು ದೇಶಗಳಲ್ಲಿ ಮಾತುಕತೆಯೂ ಅಷ್ಟಕ್ಕಷ್ಟೆ. ಕೊಟ್ಟಿಗೆಯಲ್ಲಿ ದುಡಿಯುವವನು ಈ ಎರಡರ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತಾನೆ. ಹಾಲು ಕರೆಯುವಾಗ ಕಣ್ಣಿಗೆ ಸಿಡಿದ ಹನಿಯಿಂದ ಕಣ್ಣು ಕೆಂಪಾದರೆ ಅವನು ತೊಳೆದುಕೊಂಡು ಮತ್ತೆ ಕೆಲಸಕ್ಕೆ ಹೋಗುತ್ತಾನೆ. ಪರೀಕ್ಷೆ ಮಾಡಿಸಿಕೊಂಡು ಪಾಸಿಟಿವ್ ಬಂದರೆ ಕೂಲಿ ಹೋಗುತ್ತದೆ. ದಾಖಲೆಪತ್ರವಿಲ್ಲದ ವಲಸಿಗನಾಗಿದ್ದರೆ ಸರ್ಕಾರಿ ಮನುಷ್ಯರ ಕಣ್ಣಿಗೆ ಬೀಳುವುದೇ ಅಪಾಯ. ಫಾರಂ ಮಾಲೀಕನ ಲೆಕ್ಕಾಚಾರವೇ ಇಲ್ಲಿ ಇನ್ನಷ್ಟು ಬಡವನ ಮೈಮೇಲೆ ಬಂದಿದೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಮಿಷಿಗನ್ ಮತ್ತು ಕೊಲೊರಾಡೊದ ಸೋಂಕಿತ ಡೈರಿಗಳ 115 ಕೆಲಸಗಾರರ ರಕ್ತ ಪರೀಕ್ಷಿಸಿ 2024ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಎಂಟು ಜನರಲ್ಲಿ ಎಚ್5 ಪ್ರತಿಕಾಯಗಳಿದ್ದವು. ಎಂಟೂ ಜನ ಹಾಲು ಕರೆಯುವ ಅಥವಾ ಕರೆಯುವ ಜಾಗವನ್ನು ತೊಳೆಯುವ ಕೆಲಸದವರು. ಅವರಲ್ಲಿ ಅರ್ಧದಷ್ಟು ಮಂದಿಗೆ ಕಾಯಿಲೆ ಬಿದ್ದ ನೆನಪೇ ಇರಲಿಲ್ಲ. ಇನ್ನೊಂದು ಪರೀಕ್ಷೆಯಲ್ಲಿ ಹಸುಗಳಿಗೆ ಚಿಕಿತ್ಸೆ ಕೊಡುವ 150 ಪಶುವೈದ್ಯರ ರಕ್ತ ನೋಡಿದರು. ಮೂವರಲ್ಲಿ ಪ್ರತಿಕಾಯ ಸಿಕ್ಕಿತು. ಮೂವರಲ್ಲಿ ಒಬ್ಬರು ವೃತ್ತಿ ಮಾಡುತ್ತಿದ್ದ ರಾಜ್ಯಗಳಲ್ಲಿ, ಸರ್ಕಾರದ ದಾಖಲೆಯ ಪ್ರಕಾರ, ಒಂದು ಹಸುವಿಗೂ ಸೋಂಕಿರಲಿಲ್ಲ.